ಎಂಪಿ4 ಫೈಲ್ ಹಳೇ ಡಿವಿಡಿ ಪ್ಲೇಯರ್‌ದಾಗ ಓಡಬೇಕಂದ್ರ ಏನ್ ಮಾಡಬೇಕು? ಕನ್ವರ್ಟ್, ಮೆನು, ಬರ್ನ್

ಶಹಾಪುರ_ವಾಚನಾಲಯ:
ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲಾ ಶಹಾಪುರ ಕಡೆ ಒಂದು ಹಳ್ಳಿ ವಾಚನಾಲಯಕ್ಕ ಡಿವಿಡಿ ಬೇಕಾಗ್ಯದ. ಅಲ್ಲಿರೋದು ಹಳೇ ಪ್ಲೇಯರ್, 21 ಇಂಚಿನ ಡಬ್ಬಾ ಟಿವಿ. ವಚನ ಗಾಯನ ಮತ್ತ ಉಪನ್ಯಾಸದ 7 ಫೈಲ್ ಅವ, ಎಲ್ಲಾ ಎಂಪಿ4, ಕೂಡಿಸಿದ್ರ 2 ತಾಸು 40 ನಿಮಿಷ. ರೆಕಾರ್ಡ್ ಮಾಡಿದ ಸಂಘದವರೇ ಡ್ರೈವ್ ಲಿಂಕ್ ಕೊಟ್ಟು ಹಂಚರಿ ಅಂದಾರ. ವಿಂಡೋಸ್ 10 ಲ್ಯಾಪ್‌ಟಾಪ್, ಹೊರಗಿನ ಯುಎಸ್‌ಬಿ ರೈಟರ್. ಫೈಲ್ ಎಳದು ಡಿಸ್ಕ್ ಮ್ಯಾಲ ಬಿಟ್ರ ಕಾಪಿ ಆಗ್ತದ, ಲ್ಯಾಪ್‌ಟಾಪ್‌ನಾಗ ಓಡ್ತದ, ಪ್ಲೇಯರ್‌ಗೆ ಹಾಕಿದ್ರ 'ನೋ ಡಿಸ್ಕ್'. ಡಿಸ್ಕ್ ಕೆಟ್ಟದ್ದೋ, ಫೈಲ್ ಕೆಟ್ಟದ್ದೋ?

ಕಲಬುರಗಿ_ರಿಪೇರಿ:
ಎರಡೂ ಛಲೋ ಅವ್ರಿ. ಖಾಲಿ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ಒಂದು ಪ್ರಶ್ನೆ ಕೇಳ್ತದ: ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ಹಂಗ ಬಳಸ್ತೀರೋ, ಸಿಡಿ/ಡಿವಿಡಿ ಪ್ಲೇಯರ್‌ಗೋ ಅಂತ. ಮೊದಲನೇದು ಒತ್ತಿದ್ರ 'ಲೈವ್ ಫೈಲ್ ಸಿಸ್ಟಮ್' ಆಗ್ತದ. ಅದನ್ನ ಕಂಪ್ಯೂಟರ್ ಓದ್ತದ, ಮನಿ ಪ್ಲೇಯರ್ ಓದಂಗಿಲ್ಲ. ಪ್ಲೇಯರ್‌ಗೆ ಬೇಕಾದ್ದು ಯುಡಿಎಫ್ 1.02, ಜೋಡಿ ಐಎಸ್‌ಒ 9660; ಇವು ಡಿಸ್ಕ್ ಮ್ಯಾಲ ಫೈಲ್ ಜೋಡಿಸೋ ಪದ್ಧತಿ.

ಎರಡನೇದು ಒತ್ತಿದ್ರೂ ನಿಮ್ಮ ಕೆಲಸ ಆಗಂಗಿಲ್ಲ. ಆವಾಗ 'ನೋ ಡಿಸ್ಕ್' ಹೋಗಿ ಫೈಲ್ ಸಪೋರ್ಟ್ ಇಲ್ಲ ಅಂತ ಬರ್ತದ. ನಿಮ್ಮ ಎಂಪಿ4 ಒಳಗ ಚಿತ್ರ, ದನಿ ಒತ್ತಿಟ್ಟಿರೋ ರೂಪ ಎಚ್.264 ವಿಡಿಯೋ, ಎಎಸಿ ಆಡಿಯೋ. ಆ ಕಾಲದ ಪ್ಲೇಯರ್ ಚಿಪ್‌ಗೆ ತಿಳಿಯೋದು ಎಂಪೆಗ್-2, ಭಾಳಂದ್ರ ಡಿವ್‌ಎಕ್ಸ್, ಎಕ್ಸ್‌ವಿಡ್.

ಹಿಂಗಾಗಿ ಕೆಲಸ ಮೂರು. ವಿಡಿಯೋನ ಎಂಪೆಗ್-2ಕ್ಕೆ ಎನ್‌ಕೋಡ್ ಮಾಡೋದು (ಆ ರೂಪಕ್ಕ ಬದಲಿಸೋದು), ಅದನ್ನ ವಿಡಿಯೋ_ಟಿಎಸ್ ಫೋಲ್ಡರ್ ರೂಪಕ್ಕ ತರೋದು (ಇದಕ್ಕ ಆಥರಿಂಗ್ ಅಂತಾರ), ಆಮ್ಯಾಲ ಬರ್ನ್. ನಡುವಿಂದು ಬಿಟ್ಟು ಬರೇ ಎಂಪೆಗ್ ಫೈಲ್ ಸುಟ್ರ ಕೆಲವು ಪ್ಲೇಯರ್ ಓಡಸ್ತಾವ, ಕೆಲವು ಓಡಸಂಗಿಲ್ಲ. ಆ ಫೋಲ್ಡರ್‌ನಾಗ ಐಎಫ್‌ಒ (ಯಾವುದು ಎಲ್ಲಿ ಅದ ಅನ್ನೋ ಪಟ್ಟಿ), ಅದರ ನಕಲು ಬಿಯುಪಿ, ಮತ್ತ ವಿಒಬಿ (ಖರೆ ಚಿತ್ರ, ದನಿ) ಫೈಲ್ ಇರಬೇಕು. ವಿಒಬಿ ಒಂದೊಂದು 1 ಜಿಬಿ ದಾಟಂಗಿಲ್ಲ. ದೊಡ್ಡದಾದ್ರ ಸಾಫ್ಟ್‌ವೇರೇ ಒಡೆದು ಇಡ್ತದ, ಅದನ್ನ ನೋಡಿ ಗಾಬರಿ ಆಗಬ್ಯಾಡ್ರಿ.

ಮೊದ್ಲ ಮೀಡಿಯಾಇನ್ಫೋ (ಫೈಲ್ ವಿವರ ತೋರಸೋ ಸಾಫ್ಟ್‌ವೇರ್) ಹಾಕ್ಕೊಂಡು 7 ಫೈಲ್‌ದೂ ಫ್ರೇಮ್ ರೇಟ್, ಫ್ರೇಮ್ ರೇಟ್ ಮೋಡ್, ಅಳತಿ, ಆಡಿಯೋ ಸ್ಯಾಂಪ್ಲಿಂಗ್ ಎಷ್ಟು ಅದ ಇಲ್ಲಿ ಬರೀರಿ. ಅದು ಗೊತ್ತಿಲ್ದ ಸೆಟ್ಟಿಂಗ್ ಹೇಳಿದ್ರ ಕತ್ತಲದಾಗ ಕಲ್ಲು ಒಗದಂಗ.

ಆಳಂದ_ಬಿಟ್‌ರೇಟ್:
ಫೈಲ್ ವಿವರ ಬರೋದ್ರೊಳಗ ಜಾಗದ ಲೆಕ್ಕ ಮುಗಿಸೋಣ. ಡಿಸ್ಕ್ ಮ್ಯಾಲ 4.7 ಜಿಬಿ ಅಂತ ಬರ್ದಿರ್ತಾರ, ಅದು ಸಾವಿರದ ಲೆಕ್ಕ. ವಿಂಡೋಸ್ 1024ರ ಲೆಕ್ಕದಾಗ ತೋರಸ್ತದ, ಅಲ್ಲಿ ಅದು 4.37 ಜಿಬಿ. 4.5 ಜಿಬಿ ಫೋಲ್ಡರ್ ಮಾಡಿ 'ಇನ್ನೂ ಜಾಗ ಅದಲ್ಲ' ಅಂತ ಕೂಡೋರು ಇಲ್ಲೇ ಸಿಕ್ಕೊಂಡು ಬೀಳ್ತಾರ.

ಸುಲಭ ಲೆಕ್ಕ: 6,00,000 ಭಾಗಿಸು ಒಟ್ಟು ನಿಮಿಷ. ಬರೋದು ವಿಡಿಯೋ ಆಡಿಯೋ ಕೂಡಿ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನೋದು. ಮೆನು, ಐಎಫ್‌ಒ, ಪ್ಯಾಕಿಂಗ್‌ಗೆ ನೂರಕ್ಕ ನಾಲ್ಕರಷ್ಟು ಜಾಗ ಇದರಾಗೇ ಬಿಟ್ಟದ.

ನಿಮ್ಮದು 160 ನಿಮಿಷ. 6,00,000 ÷ 160 = 3750. ಆಡಿಯೋಕ್ಕ 192 ತೆಗೀರಿ, ವಿಡಿಯೋಕ್ಕ 3550 ಉಳೀತದ. ಒಬ್ಬರು ಕೂತು ಮಾತಾಡೋ ಉಪನ್ಯಾಸಕ್ಕ ಇಷ್ಟು ಧಾರಾಳ ಆಯ್ತು. ಜಾತ್ರಿ, ಡೊಳ್ಳು, ಓಡಾಟ ಇದ್ರ 3550ಕ್ಕೆ ಚೌಕ ಚೌಕ ಒಡೀತದ. ಅಂಥದ್ದು ಎರಡು ಡಿಸ್ಕ್ ಮಾಡೋದೇ ಛಲೋ.

ಕಡಿಮಿ ನಿಮಿಷ ಇದ್ರ ಲೆಕ್ಕ ಮೇಲಕ್ಕ ಹೋಗ್ತದ. 60 ನಿಮಿಷಕ್ಕ 10,000 ಬರ್ತದ, ಆದ್ರ ಡಿವಿಡಿ ನಿಯಮದಾಗ ವಿಡಿಯೋದ ಮಿತಿನೇ 9800. ಅಲ್ಲಿತನಕ ಹೋಗೋದೂ ಬ್ಯಾಡ. ಮನ್ಯಾಗ ಸುಟ್ಟ ಡಿಸ್ಕ್‌ಗೆ ಗರಿಷ್ಠ 8000 ಸಾಕು. ಹಳೇ ಲೆನ್ಸ್ ಅಷ್ಟು ವೇಗದಾಗ ಓದಲಿಕ್ಕೆ ಆಗದ ತಡವರಿಸ್ತದ, ಆವಾಗ ಚಿತ್ರ ನಿಂತು ನಿಂತು ಓಡ್ತದ. ಜಾಗ ಖಾಲಿ ಉಳಿದ್ರ ಉಳೀಲಿ.

ಶಹಾಪುರ_ವಾಚನಾಲಯ:
ಮೀಡಿಯಾಇನ್ಫೋ ಹಾಕಿ ನೋಡಿದೆ. 5 ಫೈಲ್: 1920×1080, 25 ಫ್ರೇಮ್, ಕಾನ್‌ಸ್ಟಂಟ್, ಆಡಿಯೋ ಎಎಸಿ 48 ಕಿಲೋಹರ್ಟ್ಸ್. 1 ಫೈಲ್: 640×480, 25 ಫ್ರೇಮ್, ಆಡಿಯೋ 44.1. ಇನ್ನೊಂದು ಮೊಬೈಲ್‌ದು: 1080×1920, ನೆಟ್ಟಗ ಹಿಡಿದು ತೆಗೆದದ್ದು, ಫ್ರೇಮ್ ರೇಟ್ 29.8, ಮೋಡ್ 'ವೇರಿಯಬಲ್'.

ಕಲಬುರಗಿ_ರಿಪೇರಿ:
ಐದು ಫೈಲ್ ಸಲೀಸು. ನಮ್ಮ ದೇಶದ ಪದ್ಧತಿ ಪಾಲ್, ಅಂದ್ರ 720×576, ಸೆಕೆಂಡಿಗೆ 25 ಫ್ರೇಮ್. ನಿಮ್ಮದೂ 25, ಚಲನೆ ಕೆಡೋದಿಲ್ಲ.

640×480 ಅನ್ನೋದು 4:3 ಆಕಾರ. ಡಿವಿಡಿ ನಿಯಮದಾಗ ಒಂದು ಟೈಟಲ್‌ಸೆಟ್ (ಒಟ್ಟಿಗೆ ಇಟ್ಟ ವಿಡಿಯೋಗಳ ಗುಂಪು) ಒಳಗ ಒಂದೇ ಆಕಾರ ಇರಬೇಕು. 16:9 ಐದರ ಜೋಡಿ ಇದನ್ನ ಹಾಗೇ ಸೇರಿಸಿದ್ರ ಮಂದಿ ಮಾರಿ ಅಡ್ಡ ಉಬ್ಬತದ. ಎರಡು ದಾರಿ ಅವ: ಪ್ರತ್ಯೇಕ ಟೈಟಲ್‌ಸೆಟ್ ಮಾಡ್ರಿ, ಇಲ್ಲಾ ಎಡಕ್ಕ ಬಲಕ್ಕ ಕಪ್ಪು ಪಟ್ಟಿ ಕೊಟ್ಟು 16:9 ಒಳಗ ಕೂಡಿಸ್ರಿ. ಡಬ್ಬಾ ಟಿವಿಗೆ ಮೊದಲನೇದೇ ಮೇಲು. ಇಲ್ಲಂದ್ರ ಮ್ಯಾಲ ಕೆಳಗ ಟಿವಿ ಪಟ್ಟಿ, ಆಜೂಬಾಜೂ ನಿಮ್ಮ ಪಟ್ಟಿ, ನಡುವ ಅಂಚೆ ಚೀಟಿಯಷ್ಟು ಚಿತ್ರ. ಆಡಿಯೋ 44.1 ಇರೋದನ್ನ 48ಕ್ಕೆ ತರಲೇಬೇಕು, ಡಿವಿಡಿಗೆ 44.1 ನಡಿಯಂಗಿಲ್ಲ.

ಮೊಬೈಲ್ ಫೈಲ್ ಬಗ್ಗಿ ಬೀದರ್‌ನವರು ಹೇಳ್ಲಿ, ಮದಿವಿ ವಿಡಿಯೋ ಅವರ ಕೈಯಾಗ ದಿನಾ ಬರ್ತಾವ.

ಬೀದರ್_ಫ್ರೇಮ್‌ರೇಟ್:
ವೇರಿಯಬಲ್ ಅಂದರೆ ಬೆಳಕು ಕಡಿಮೆಯಾದ ಕಡೆ ಮೊಬೈಲ್ ತಾನೇ ಫ್ರೇಮ್ ಇಳಿಸಿಕೊಂಡಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಆರಂಭದ ಅಂಕಿಯನ್ನೇ ಹಿಡಿದು ಕೊನೆಯವರೆಗೂ ಲೆಕ್ಕ ಹಾಕುತ್ತವೆ. ಮೊದಲ ಐದು ನಿಮಿಷ ತುಟಿ–ಮಾತು ಸರಿ ಇದ್ದು, ಅರ್ಧ ತಾಸಿನ ಹೊತ್ತಿಗೆ ಮಾತು ಮುಂದೆ, ತುಟಿ ಹಿಂದೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, ಕ್ವಾಲಿಟಿ ಆರ್‌ಎಫ್ 16ರಿಂದ 18ರ ನಡುವೆ ಇಟ್ಟು ಒಂದು ಹೊಸ ಎಂಪಿ4 ಮಾಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡುವುದಿಲ್ಲ, ಇಲ್ಲಿ ಅದರ ಕೆಲಸ ಫ್ರೇಮ್ ರೇಟ್ ನೆಟ್ಟಗೆ ಮಾಡುವುದಷ್ಟೇ.

ನೆಟ್ಟಗೆ ಹಿಡಿದ ವಿಡಿಯೋವನ್ನು ಪರದೆ ತುಂಬ ಹಿಗ್ಗಿಸಲು ಹೋಗಬೇಡಿ. 16:9 ಪಾಲ್ ಚೌಕಟ್ಟಿನಲ್ಲಿ ಅದು 576 ಗೆರೆ ಎತ್ತರ, 720ರಲ್ಲಿ ಸುಮಾರು 228 ಪಿಕ್ಸೆಲ್ ಅಗಲ ಮಾತ್ರ ಹಿಡಿಯುತ್ತದೆ, ಉಳಿದದ್ದು ಕಪ್ಪು. ನೋಡಲು ಸಪೂರ ಅನಿಸಿದರೂ ಗಾಯಕರ ತಲೆ ಕತ್ತರಿಸುವುದಕ್ಕಿಂತ ವಾಸಿ.

30 ಫ್ರೇಮ್‌ನ ವಿಡಿಯೋವನ್ನು 25ಕ್ಕೆ ಇಳಿಸಿದರೆ ಸೆಕೆಂಡಿಗೆ 5 ಫ್ರೇಮ್ ಬಿದ್ದುಹೋಗುತ್ತವೆ. ಕ್ಯಾಮೆರಾ ಅಡ್ಡ ತಿರುಗುವಾಗ ಚಿತ್ರ ಕುಕ್ಕುತ್ತದೆ. ಡಿಸ್ಕ್ ಪೂರ್ತಿ 30 ಫ್ರೇಮ್ ಫೈಲ್‌ಗಳೇ ಇದ್ದರೆ ಪಾಲ್ ಬಿಟ್ಟು ಎನ್‌ಟಿಎಸ್‌ಸಿ (720×480, 29.97) ಮಾಡುವುದೇ ಸರಿ. ಇಲ್ಲಿ ಮಾರಿದ ಬಹುತೇಕ ಪ್ಲೇಯರ್‌ಗಳು ಎರಡನ್ನೂ ಓದುತ್ತವೆ.

ಆಳಂದ_ಬಿಟ್‌ರೇಟ್:
> ಪಾಲ್ ಬಿಟ್ಟು ಎನ್‌ಟಿಎಸ್‌ಸಿ ಮಾಡುವುದೇ ಸರಿ

ಎಲ್‌ಇಡಿ ಟಿವಿ ಇದ್ರ ಒಪ್ಪತೀನ್ರಿ ಅಣ್ಣಾರ. ಡಬ್ಬಾ ಟಿವಿಗೆ ಕಣ್ಣು ಮುಚ್ಚಿ ಹೇಳಲಿಕ್ಕೆ ಬರಂಗಿಲ್ಲ. ಪ್ಲೇಯರ್ ಓದ್ತದ ಖರೆ, ಟಿವಿ ಬರೇ ಪಾಲ್ ಇದ್ರ ಚಿತ್ರ ಕಪ್ಪು–ಬಿಳಿ ಆಗ್ತದ, ಇಲ್ಲಾ ಮ್ಯಾಲ ಕೆಳಗ ಉರುಳ್ತದ. ಪ್ಲೇಯರ್‌ನ ಸೆಟಪ್ ಒಳಗ ಟಿವಿ ಸಿಸ್ಟಮ್ 'ಆಟೋ' ಅಥವಾ 'ಮಲ್ಟಿ' ಇದ್ರ 'ಪಾಲ್' ಮಾಡಿ ನೋಡಬೇಕು. ಪರ ಊರಿಗಿ ಕಳಸೋ ಡಿಸ್ಕ್, ಅಲ್ಲಿ ಹೋಗಿ ಸೆಟಪ್ ಮುಟ್ಟೋರು ಯಾರು? ಒಂದೇ ಫೈಲ್ 30 ಇದ್ದು ಉಳಿದವು 25 ಇದ್ದಾಗ ಪಾಲ್ ಬಿಡೋದು ಬ್ಯಾಡ.

ಬೀದರ್_ಫ್ರೇಮ್‌ರೇಟ್:
ಈ ಡಿಸ್ಕಿಗೆ ಪಾಲೇ ಸರಿ, ಅದರಲ್ಲಿ ತಕರಾರಿಲ್ಲ. ನಾನು ಹೇಳಿದ್ದು ಮೊಬೈಲ್‌ನಲ್ಲೇ ತೆಗೆದ ಪೂರ್ತಿ ಮದುವೆ ವಿಡಿಯೋಗೆ. ಕ್ಯಾಮೆರಾದವರು ಕೊಡುವ 1080 ಇಂಟರ್‌ಲೇಸ್ ಫೈಲ್ (ಬೆಸ ಗೆರೆ, ಸಮ ಗೆರೆಗಳನ್ನು ಎರಡು ಫೀಲ್ಡ್ ಆಗಿ ಬೇರೆ ಬೇರೆ ಹಿಡಿದದ್ದು) ಬೇರೆಯೇ ಪ್ರಾಣಿ. ಮೀಡಿಯಾಇನ್ಫೋದಲ್ಲಿ ಸ್ಕ್ಯಾನ್ ಟೈಪ್ 'ಇಂಟರ್‌ಲೇಸ್ಡ್' ಅಥವಾ 'ಎಂಬಿಎಎಫ್‌ಎಫ್' ಎಂದಿದ್ದರೆ ಡೀಇಂಟರ್‌ಲೇಸ್ ಮಾಡದೆ ಅಳತೆ ಇಳಿಸಬೇಡಿ. 1080 ಗೆರೆ 576ಕ್ಕೆ ಇಳಿಯುವಾಗ ಎರಡೂ ಫೀಲ್ಡ್ ಕಲಸಿ ಹೋಗುತ್ತವೆ, ಕೈ ಎತ್ತಿದಾಗಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಬೀಳುತ್ತದೆ. ಆಮೇಲೆ ತೆಗೆಯಲು ಆಗುವುದಿಲ್ಲ.

ಕಲಬುರಗಿ_ರಿಪೇರಿ:
ಈಗ ಸಾಫ್ಟ್‌ವೇರ್. ಡಿವಿಡಿಸ್ಟೈಲರ್ ಪುಕ್ಕಟೆ ಅದ, ಎನ್‌ಕೋಡ್, ಮೆನು, ಬರ್ನ್ ಮೂರೂ ಮಾಡ್ತದ. ಹೊಸ ಪ್ರಾಜೆಕ್ಟ್ ತೆಗೆದಾಗ ಕೇಳೋ ಪುಟದಾಗ: ಡಿಸ್ಕ್ ಕೆಪ್ಯಾಸಿಟಿ 4.7 ಜಿಬಿ, ವಿಡಿಯೋ ಪಾಲ್, ಆಸ್ಪೆಕ್ಟ್ 16:9, ಆಡಿಯೋ ಎಸಿ3 48 ಕಿಲೋಹರ್ಟ್ಸ್. ಬಿಟ್‌ರೇಟ್ 'ಆಟೋ' ಬಿಟ್ರೂ ನಡೀತದ, ನಿಮಿಷ ನೋಡಿ ಅದೇ ಹಂಚ್ತದ. ಆದ್ರ ಒಟ್ಟು ಎಷ್ಟು ಬಂತು ಅಂತ ಮೇಲಿನ ಲೆಕ್ಕಕ್ಕ ತಾಳೆ ನೋಡ್ರಿ.

ಫೈಲ್ ಕೆಳಗಿನ ಪಟ್ಟಿಗೆ ಎಳೀರಿ. 4:3 ಫೈಲ್‌ಗೆ ಮಾತ್ರ ಬ್ಯಾರೆ ಟೈಟಲ್‌ಸೆಟ್ ಸೇರಿಸಿ ಅದರಾಗ ಹಾಕ್ರಿ. ಒಂದು ಮುಗಿದ ಮ್ಯಾಲ ಮತ್ತೊಂದು ತಾನೇ ಶುರು ಆಗಬೇಕಂದ್ರ ಟೈಟಲ್ ಪ್ರಾಪರ್ಟಿಯಾಗ 'ಪೋಸ್ಟ್ ಕಮಾಂಡ್' ಅಂತ ಅದ. ಮೊದಲಿಗೇ 'ಕೊನೇ ಮೆನುಗೆ ಹೋಗು' ಇರ್ತದ. ಅದನ್ನ ಮುಂದಿನ ಟೈಟಲ್‌ಗೆ ಜಿಗಿಯೋ ಹಂಗ ಬದಲಿ ಮಾಡ್ರಿ. ವಾಚನಾಲಯದಾಗ ರಿಮೋಟ್ ಕೈಗೆ ಸಿಗಂಗಿಲ್ಲ, ಅದು ಇದ್ದದ್ದೇ. ಪ್ರತಿ 5 ನಿಮಿಷಕ್ಕ ಒಂದು ಚಾಪ್ಟರ್ ಇಡ್ರಿ. ಕರೆಂಟ್ ಹೋಗಿ ಬಂದ್ರ 'ನೆಕ್ಸ್ಟ್' ಒತ್ತಿ ಜಾಗ ಹಿಡೀಬಹುದು.

ಎರಡು ಮಾತು ಮರೀಬ್ಯಾಡ್ರಿ. ಫೈಲ್ ಮತ್ತ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಾಗ, ಸ್ಪೇಸ್ ಇಲ್ದ ಇಡ್ರಿ. ಕನ್ನಡ ಹೆಸರಿನ ಫೋಲ್ಡರ್ ಸಿಕ್ರ ಆಥರಿಂಗ್ ನಡುವ ಎರರ್ ಕೊಟ್ಟು ನಿಂದ್ರಬಹುದು. ಟೆಂಪ್ ಫೋಲ್ಡರ್ ಇರೋ ಡ್ರೈವ್‌ನಾಗ ಕನಿಷ್ಠ 10 ಜಿಬಿ ಖಾಲಿ ಬೇಕು, ಎಂಪೆಗ್ ಒಮ್ಮೆ, ಐಎಸ್‌ಒ (ಇಡೀ ಡಿಸ್ಕಿನ ನಕಲು ಇರೋ ಒಂದೇ ಫೈಲ್) ಒಮ್ಮೆ ಬರೀತದ.

ಕೊನೀಗೆ ನೇರ 'ಬರ್ನ್' ಒತ್ತಬ್ಯಾಡ್ರಿ. 'ಐಎಸ್‌ಒ ಇಮೇಜ್ ಮಾಡು' ಆರಿಸ್ರಿ. ಆ ಐಎಸ್‌ಒ ವಿಎಲ್‌ಸಿಯಾಗ ತೆಗೆದು ಮೆನು, ಜಿಗಿತ, ಪ್ರತಿ ಫೈಲ್‌ನ ಕೊನೇ ಎರಡು ನಿಮಿಷದ ತುಟಿ–ಮಾತು ನೋಡಿ, ಆಮ್ಯಾಲ ಸುಡ್ರಿ. ತಪ್ಪಿದ್ರ ಡಿಸ್ಕ್ ಹಾಳಾಗಂಗಿಲ್ಲ.

ಲಿನಕ್ಸ್_ಹುಮನಾಬಾದ್:
ಎಫ್‌ಎಫ್‌ಎಂಪೆಗ್ (ಆದೇಶ ಬರೆದು ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್) ಗೊತ್ತಿದ್ದವರಿಗೆ ಒಂದು ಎಚ್ಚರಿಕೆ. 'ಟಾರ್ಗೆಟ್ ಪಾಲ್-ಡಿವಿಡಿ' ಕೊಟ್ಟರೆ ಅಳತೆ, ಫ್ರೇಮ್, ಎಸಿ3, 48 ಕಿಲೋಹರ್ಟ್ಸ್ ಎಲ್ಲ ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ವಿಡಿಯೋ 6000, ಆಡಿಯೋ 448 ಕಿಲೋಬಿಟ್ ಹಿಡಿಯುತ್ತದೆ. ಒಂದೂವರೆ ತಾಸು ದಾಟಿದರೆ ಒಂದು ಡಿಸ್ಕಿಗೆ ಹಿಡಿಸುವುದಿಲ್ಲ. 160 ನಿಮಿಷಕ್ಕೆ ಸುಮಾರು 7.7 ಜಿಬಿ ಆಗುತ್ತದೆ. ವಿಡಿಯೋ, ಆಡಿಯೋ ಬಿಟ್‌ರೇಟ್ ಎರಡನ್ನೂ ಕೈಯಾರೆ ಬರೆಯಿರಿ. ಆಸ್ಪೆಕ್ಟ್ 16:9 ಎನ್ನುವುದನ್ನೂ ನೀವೇ ಕೊಡಬೇಕು. 720×576ಕ್ಕೆ ಅದು ಸುಮ್ಮನೆ ಎಳೆದು ಕೂಡಿಸುತ್ತದೆ, ಕಪ್ಪು ಪಟ್ಟಿ ತಾನಾಗಿ ಸೇರಿಸುವುದಿಲ್ಲ. ನೆಟ್ಟಗಿನ ಮೊಬೈಲ್ ವಿಡಿಯೋಗೆ ಅಳತೆ ಬದಲಿಸುವ ಸ್ಕೇಲ್, ಪಟ್ಟಿ ಸೇರಿಸುವ ಪ್ಯಾಡ್ ಫಿಲ್ಟರ್ ಎರಡೂ ಬೇಕು.

4000ಕ್ಕಿಂತ ಕಡಿಮೆ ಬಿಟ್‌ರೇಟ್ ಇದ್ದಾಗ ಟೂ-ಪಾಸ್ (ಒಮ್ಮೆ ಪೂರ್ತಿ ಅಳೆದು, ಆಮೇಲೆ ಎನ್‌ಕೋಡ್) ಮಾಡಿದರೆ ಕಣ್ಣಿಗೆ ಕಾಣುವಷ್ಟು ಲಾಭ ಇದೆ. 7000 ಮೇಲಿದ್ದರೆ ಹೊತ್ತು ಹಾಳು. ನಾಲ್ಕು ತಾಸಿನ ಸರಕು ಒಂದೇ ಡಿಸ್ಕಿಗೆ ಬೇಕೇ ಬೇಕು ಎನ್ನುವವರು 720ರ ಬದಲು 352×576 ಅಳತೆ ಹಿಡಿಯಿರಿ, ಅದೂ ಡಿವಿಡಿ ನಿಯಮದೊಳಗೇ ಇದೆ. 2300ರಲ್ಲಿ 720 ಅಗಲ ಒಡೆದು ಕಾಣುತ್ತದೆ, 352 ಸ್ವಲ್ಪ ಮಬ್ಬಾದರೂ ಶಾಂತವಾಗಿರುತ್ತದೆ. ಡಬ್ಬಾ ಟಿವಿಯಲ್ಲಿ ಆ ಮಬ್ಬು ಅಷ್ಟಾಗಿ ಗೊತ್ತಾಗುವುದಿಲ್ಲ.

ಗುರುಮಠಕಲ್_ಪೆನ್‌ಡ್ರೈವ್:
ಇಷ್ಟೆಲ್ಲಾ ಯಾಕ್ರಿ? ಪ್ಲೇಯರ್ ಮುಂದ ಯುಎಸ್‌ಬಿ ತೂತು ಇದ್ರ ಎಕ್ಸ್‌ವಿಡ್ ಎವಿಐ ಮಾಡಿ ಪೆನ್‌ಡ್ರೈವ್‌ಗೆ ಹಾಕ್ರಿ. ವಿಡಿಯೋ 1200, ಎಂಪಿ3 ಆಡಿಯೋ 128. ಅದೇ ಲೆಕ್ಕ ಹಾಕಿದ್ರ 4.7 ಜಿಬಿ ಡೇಟಾ ಡಿಸ್ಕ್ ಮ್ಯಾಲೂ ಏಳೂವರೆ ತಾಸು ಕೂಡ್ತದ. ಪೆನ್‌ಡ್ರೈವ್ ಫ್ಯಾಟ್32 ಇರಬೇಕು, ಎಕ್ಸ್‌ಫ್ಯಾಟ್ ಹಳೇ ಪ್ಲೇಯರ್ ಓದಂಗಿಲ್ಲ.

ಕಲಬುರಗಿ_ರಿಪೇರಿ:
ಪ್ಲೇಯರ್ ಮ್ಯಾಲ ಡಿವ್‌ಎಕ್ಸ್ ಅಥವಾ ಎಂಪೆಗ್-4 ಗುರುತು ಇದ್ರ ಮಾತ್ರ ಈ ಮಾತು ಖರೆ. ಆ ಎಂಪೆಗ್-4 ಗುರುತು ಎಚ್.264 ಅಂತ ತಿಳೀಬ್ಯಾಡ್ರಿ. ಎಕ್ಸ್‌ವಿಡ್ ಸೆಟ್ಟಿಂಗ್ ಒಳಗ ಕ್ಯೂ-ಪೆಲ್, ಜಿಎಂಸಿ ಎರಡೂ ಬಂದ್ ಮಾಡ್ರಿ, ಅವು ಇದ್ರ ಹಳೇ ಚಿಪ್ ಚಿತ್ರ ಹರೀತದ. ಅಗಲ 720 ದಾಟಬಾರದು. ಗುರುತು ಇಲ್ದ ಪ್ಲೇಯರ್‌ಗೆ ವಿಡಿಯೋ ಡಿವಿಡಿ ಒಂದೇ ದಾರಿ.

ಶಹಾಪುರ_ವಾಚನಾಲಯ:
ಯುಎಸ್‌ಬಿ ಇಲ್ರಿ, ಡಿವ್‌ಎಕ್ಸ್ ಗುರುತೂ ಇಲ್ಲ. ಇನ್ನೊಂದು ಕೇಳೋದದ. ವಚನದ ಸಾಲು ಕೆಳಗ ಕನ್ನಡದಾಗ ಬರಬೇಕು ಅಂತಾರ. ಎಸ್‌ಆರ್‌ಟಿ (ಸಬ್‌ಟೈಟಲ್ ಸಾಲಿನ) ಫೈಲ್ ಮಾಡಿ ಡಿವಿಡಿಸ್ಟೈಲರ್‌ಗೆ ಕೊಟ್ರ ಅಕ್ಷರ ಒಡೆದು ಬರಾಕತ್ತಾವ.

ಸುರಪುರ_ಒತ್ತಕ್ಷರ:
ಎರಡು ಬೇರೆ ಬೇರೆ ತೊಂದರೆಗಳಿವೆ, ಯಾವುದು ಎಂದು ಮೊದಲು ನೋಡಿಕೊಳ್ಳಿ.

ಪರದೆ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸಿದಂತೆ ಬಂದರೆ ಪಠ್ಯ 'ನುಡಿ' ತಂತ್ರಾಂಶದ ಹಳೆ ಆಸ್ಕಿ ಅಕ್ಷರದಲ್ಲಿದೆ. ಅದನ್ನು ಪರಿವರ್ತಕದಲ್ಲಿ ಯುನಿಕೋಡ್ ಮಾಡಿ, ಎಸ್‌ಆರ್‌ಟಿಯನ್ನು ಯುಟಿಎಫ್-8ರಲ್ಲಿ ಉಳಿಸಬೇಕು.

ಅಕ್ಷರ ಕನ್ನಡದ್ದೇ ಇದ್ದು 'ಶಾಸ್ತ್ರ' ಎಂಬುದು 'ಶಾಸ್‌ತ್‌ರ' ಎಂದು ಬಂದರೆ ತಪ್ಪು ಫಾಂಟಿನದಲ್ಲ. ಡಿವಿಡಿಯ ಸಬ್‌ಟೈಟಲ್ ಪಠ್ಯವಲ್ಲ, ಚಿತ್ರ. ಪ್ಲೇಯರ್‌ಗೆ ಫಾಂಟೇ ಬೇಕಾಗುವುದಿಲ್ಲ. ಡಿವಿಡಿಸ್ಟೈಲರ್ ಒಳಗೆ ಆ ಚಿತ್ರ ಬರೆಯುವ ಸ್ಪುಮಕ್ಸ್ ಎಂಬ ಸಲಕರಣೆ ಒಂದೊಂದೇ ಅಕ್ಷರ ಪಕ್ಕಪಕ್ಕ ಇಡುತ್ತದೆ, ಒತ್ತಕ್ಷರವನ್ನು ಕೆಳಗೆ ಕೂರಿಸುವ ಜೋಡಣೆ ಅದಕ್ಕೆ ಬಾರದು. ಅರ್ಕಾವತ್ತು ಕೂಡ ಹೀಗೇ ಕೆಡುತ್ತದೆ. ಹತ್ತು ಫಾಂಟ್ ಬದಲಿಸಿದರೂ ಸರಿಹೋಗದು.

ದಾರಿ ಒಂದು: ಸಬ್‌ಟೈಟಲ್ ಎಡಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಎಸ್‌ಆರ್‌ಟಿ ತೆರೆದು ವೋಬ್‌ಸಬ್ (ಚಿತ್ರರೂಪದ ಸಬ್‌ಟೈಟಲ್) ಆಗಿ ಎಕ್ಸ್‌ಪೋರ್ಟ್ ಮಾಡಿ. ಅಲ್ಲಿ ಸಾಲುಗಳು ಚಿತ್ರವಾಗಿ ಬರುತ್ತವೆ, ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಒತ್ತಕ್ಷರ ಕೂತಿದೆಯೋ ಇಲ್ಲವೋ ಮೊದಲೇ ಕಾಣುತ್ತದೆ. ರೆಸಲ್ಯೂಷನ್ 720×576 ಕೊಡಿ. ಈ ದಾರಿಯಲ್ಲಿ ನೋಡುವವರು ರಿಮೋಟ್‌ನಿಂದ ಸಬ್‌ಟೈಟಲ್ ಹಾಕಬಹುದು, ತೆಗೆಯಬಹುದು.

ದಾರಿ ಎರಡು: ಎನ್‌ಕೋಡ್ ಮಾಡುವಾಗಲೇ ಅಕ್ಷರವನ್ನು ಚಿತ್ರದ ಮೇಲೆ ಅಚ್ಚೊತ್ತುವುದು. ಎಫ್‌ಎಫ್‌ಎಂಪೆಗ್‌ನ ಸಬ್‌ಟೈಟಲ್ಸ್ ಫಿಲ್ಟರ್ ಲಿಬಾಸ್ ಎಂಬ ಸಬ್‌ಟೈಟಲ್ ಬರೆಯುವ ಸಲಕರಣೆ ಬಳಸುತ್ತದೆ, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಸೇರಿರುವ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಸಾಕು. ವಾಚನಾಲಯಕ್ಕೆ ನನ್ನ ಮತ ಇದಕ್ಕೇ. ರಿಮೋಟ್ ಹುಡುಕುವ ಗೋಜಿಲ್ಲ.

ಗಾತ್ರ 576 ಗೆರೆಯಲ್ಲಿ 36ರಿಂದ 40 ಇರಲಿ. ಇಂಗ್ಲಿಷ್‌ಗೆ ಒಪ್ಪುವ 28 ಕನ್ನಡಕ್ಕೆ ಸಾಲದು, ಒತ್ತಕ್ಷರ ಡಬ್ಬಾ ಟಿವಿಯಲ್ಲಿ ಚುಕ್ಕೆಯಾಗಿ ಹೋಗುತ್ತದೆ. ಎರಡು ಸಾಲಿನ ನಡುವೆ ಅಂತರ ಹೆಚ್ಚು ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಡಬ್ಬಾ ಟಿವಿ ನಾಲ್ಕೂ ಅಂಚು ನುಂಗುವುದರಿಂದ ಕೆಳಗೆ 40 ಗೆರೆಯಾದರೂ ಬಿಡಬೇಕು. ಮೆನುವಿನ ಕನ್ನಡ ಹೆಸರಿಗೂ ಇದೇ ಮದ್ದು: ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಹೆಸರು ಬರೆದು ಚಿತ್ರವಾಗಿ ತೆಗೆದು ಮೆನು ಹಿನ್ನೆಲೆಗೆ ಇಟ್ಟು, ಮೇಲೆ ಅಕ್ಷರವಿಲ್ಲದ ಬಟನ್ ಕೂರಿಸಿ.

ಕಲಬುರಗಿ_ರಿಪೇರಿ:
ಇನ್ನ ಸುಡೋ ಕೆಲಸ. ಐಎಸ್‌ಒ ಮ್ಯಾಲ ಬಲಗುಂಡಿ ಒತ್ತಿದ್ರ ವಿಂಡೋಸ್‌ನಾಗೇ 'ಬರ್ನ್ ಡಿಸ್ಕ್ ಇಮೇಜ್' ಅದ. ನನ್ನ ಕೈ ಇಮ್ಜ್‌ಬರ್ನ್ ಅನ್ನೋ ಡಿಸ್ಕ್ ಸುಡೋ ಸಾಫ್ಟ್‌ವೇರ್ ಕಡೀಗೆ ಹೋಗ್ತದ, ವೇಗ ಮತ್ತ ವೆರಿಫೈ (ಸುಟ್ಟದ್ದನ್ನ ಓದಿ ತಾಳೆ ನೋಡೋದು) ಎರಡೂ ಕಣ್ಣ ಮುಂದ ಇರ್ತಾವ. 2013ರ 2.5.8.0 ಅದರ ಕೊನೇ ಆವೃತ್ತಿ. ಇನ್‌ಸ್ಟಾಲ್ ಮಾಡೋವಾಗ ಬ್ಯಾರೆ ಕಸ ಸಾಫ್ಟ್‌ವೇರ್ ತುರುಕಲಿಕ್ಕೆ ನೋಡ್ತದ, ಪ್ರತಿ ಪುಟ ಓದಿ ಟಿಕ್ ತೆಗೀರಿ.

ಖಾಲಿ ಡಿಸ್ಕ್ ಡಿವಿಡಿ-ಆರ್ (ಮೈನಸ್) ತಗೋರಿ. ಪ್ಲಸ್ ಆರ್ ಇದ್ರ ರೈಟರ್ ಒಪ್ಪಿದ್ರ ಬುಕ್‌ಟೈಪ್ (ಡಿಸ್ಕ್ ಯಾವ ತರದ್ದು ಅಂತ ಪ್ಲೇಯರ್‌ಗೆ ಹೇಳೋ ಗುರುತು) 'ಡಿವಿಡಿ-ರೋಮ್' ಮಾಡಿ ಸುಡ್ರಿ, ಹಳೇ ಪ್ಲೇಯರ್ ತಕರಾರು ಮಾಡಂಗಿಲ್ಲ. ಪ್ಲಸ್ ಡಿಸ್ಕ್‌ನಾಗ ಮೈನಸ್‌ಗಿಂತ ಸುಮಾರು 7 ಎಂಬಿ ಜಾಗ ಕಡಿಮಿ, ಅಂಚಿಗೆ ತುಂಬಿದ ಐಎಸ್‌ಒ ಅದರಾಗ ಕೂಡಂಗಿಲ್ಲ. ಆರ್‌ಡಬ್ಲ್ಯೂ ಬ್ಯಾಡೇ ಬ್ಯಾಡ, ಅದರಿಂದ ವಾಪಸ್ ಬರೋ ಬೆಳಕು ಆರ್ ಡಿಸ್ಕಿನ ಅರ್ಧಾನೂ ಇರಂಗಿಲ್ಲ, ಸವೆದ ಲೆನ್ಸ್‌ಗೆ ಕಾಣಂಗಿಲ್ಲ.

ವೇಗ: 16 ಎಕ್ಸ್ ಡಿಸ್ಕ್ ಆದ್ರ 4 ಎಕ್ಸ್ ಇಲ್ಲಾ 8 ಎಕ್ಸ್. ತುಂಬಿದ ಡಿಸ್ಕ್ 4 ಎಕ್ಸ್‌ನಾಗ ಸುಮಾರು 15 ನಿಮಿಷ ಹಿಡೀತದ. 'ವೆರಿಫೈ' ಟಿಕ್ ಇರಲಿ, ಫೈನಲೈಸ್ (ಮತ್ತ ಬರೀಲಾರದಂಗ ಡಿಸ್ಕ್ ಮುಚ್ಚೋದು) ಆಗಲಿ. ಯುಎಸ್‌ಬಿ ರೈಟರ್‌ಗೆ ಎರಡು ಪಿನ್ ಇರೋ ವೈರ್ ಕೊಟ್ಟಿದ್ರ ಎರಡೂ ಲ್ಯಾಪ್‌ಟಾಪ್‌ಗೇ ಹಾಕ್ರಿ, ಹಬ್ ಮ್ಯಾಲ ಬ್ಯಾಡ. ಲೇಸರ್ ಪೂರಾ ಕರೆಂಟ್ ಎಳೆಯೋ ಹೊತ್ತಿಗೆ ವೋಲ್ಟೇಜ್ ಕುಸಿದು ನಡುವ ಕೈ ಕೊಡ್ತದ.

ಬೀದರ್_ಫ್ರೇಮ್‌ರೇಟ್:
4 ಎಕ್ಸ್ ಎಲ್ಲಕ್ಕೂ ಮದ್ದಲ್ಲ. 16 ಎಕ್ಸ್‌ಗೆ ಎಂದೇ ಮಾಡಿದ ಡೈ (ಲೇಸರ್ ಬರೆಯುವ ಬಣ್ಣದ ಪದರ) ಕೆಲವು ರೈಟರ್‌ಗಳಲ್ಲಿ 8 ಎಕ್ಸ್‌ನಲ್ಲೇ ಚೆನ್ನಾಗಿ ಬರುತ್ತದೆ. ಎರಡು ವೇಗದಲ್ಲಿ ಒಂದೊಂದು ಸುಟ್ಟು ಆ ಪ್ಲೇಯರ್‌ನಲ್ಲೇ ನೋಡಬೇಕು. ಸಿನಿಮಾ ಕೊನೆಯ ಹದಿನೈದು ನಿಮಿಷದಲ್ಲೇ ನಿಲ್ಲುತ್ತದೆ ಎನ್ನುವ ದೂರಿಗೆ ಕಾರಣ ಇಷ್ಟೇ: ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ, ಅಗ್ಗದ ಡಿಸ್ಕಿನಲ್ಲಿ ಡೈ ಕೆಡುವುದು ಹೊರ ಅಂಚಿನಲ್ಲಿ. ವಿಂಡೋಸ್ ಲೆಕ್ಕದಲ್ಲಿ 4.1 ಜಿಬಿಗೆ ನಿಲ್ಲಿಸಿದರೆ ಆ ಅಂಚಿಗೆ ಹೋಗುವ ಪ್ರಸಂಗವೇ ಇಲ್ಲ.

ಶಹಾಪುರ_ವಾಚನಾಲಯ:
4.1ಕ್ಕೆ ನಿಲ್ಲಬೇಕಂದ್ರ ವಿಡಿಯೋ ಬಿಟ್‌ರೇಟ್ ಎಷ್ಟು ಇಡ್ಲಿ? ಮತ್ತ ಡಿಸ್ಕ್ ಮ್ಯಾಲ ಹೆಸರಿನ ಸ್ಟಿಕ್ಕರ್ ಅಂಟಸಬಹುದಾ?

ಆಳಂದ_ಬಿಟ್‌ರೇಟ್:
3350 ಇಡ್ರಿ, ಟೂ-ಪಾಸ್ ಮಾಡ್ರಿ. ಮೆನು ಸೇರಿ 4.1ರ ಆಜೂಬಾಜೂ ನಿಲ್ತದ.

ಸ್ಟಿಕ್ಕರ್ ಬ್ಯಾಡ. ಕಾಗದ ಒಂದು ಕಡೆ ಭಾರ ಆಗಿ ತಿರುಗೋವಾಗ ಡಿಸ್ಕ್ ಅಲುಗ್ತದ. ಅದರಾಗ ನಮ್ಮ ಕಡೆ ಏಪ್ರಿಲ್–ಮೇ ಅಂದ್ರ 40 ಡಿಗ್ರಿ ಮ್ಯಾಲೇ, ಅಂಟು ಸಡಿಲಾಗಿ ಕಾಗದ ಪ್ಲೇಯರ್ ಒಳಗೇ ಸುತ್ಕೋತದ. ಸಿಡಿ ಮಾರ್ಕರ್‌ಲೇ ನಡುವಿನ ಪಾರದರ್ಶಕ ಉಂಗುರದ ಮ್ಯಾಲ ಹೆಸರು ಬರೀರಿ, ಬಾಲ್ ಪೆನ್ ತಾಗಿಸಬ್ಯಾಡ್ರಿ. ಆರ್ ಡಿಸ್ಕಿನ ಡೈಗೆ ಬಿಸಿಲು ಆಗಂಗಿಲ್ಲ, ತಗಡಿನ ಶೆಡ್ಡಿನಾಗ, ಟಿವಿ ತಲಿ ಮ್ಯಾಲ ಇಡಬಾರದು ಅಂತ ವಾಚನಾಲಯದವರಿಗಿ ಹೇಳ್ರಿ. ಐಎಸ್‌ಒ ಫೈಲ್ ಹಾರ್ಡ್‌ಡಿಸ್ಕ್‌ನಾಗ ಇಟ್ಕೊಂಡಿದ್ರ ಡಿಸ್ಕ್ ಕೆಟ್ಟಾಗ 15 ನಿಮಿಷದಾಗ ಇನ್ನೊಂದು.